ಅಲ್ ಹೂತಾ ಗುಹೆಯ ಸಾಕ್ಷಿ

ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲ್ಲ, ಸೂರ್ಯನಿಂದ ಎಂದು ವಾದಿಸುವವರು ಕರೆತರಬಹುದಾದ ಒಳ್ಳೆಯ ಸಾಕ್ಷಿಯೊಂದು ಒಮಾನ್‌ನಲ್ಲಿದೆ. ಅಲ್ ಹಮ್ರಾ ಪಟ್ಟಣದ ಬಳಿಯ ಅಲ್ ಹೂತಾ ಗುಹೆಯೊಳಗೆ, ತೊಟ್ಟಿಕ್ಕಿದ ನೀರು ಬಿಟ್ಟುಹೋದ ಸುಣ್ಣ ಪದರಪದರವಾಗಿ ಕೂಡಿ ಕಂಬಗಳಾಗಿದೆ. ಆ ಪದರಗಳ ಆಮ್ಲಜನಕದ ಐಸೊಟೋಪುಗಳನ್ನು ಅಳೆದರೆ ಯಾವಾಗ ಮಳೆ ಹೆಚ್ಚಿತ್ತು, ಯಾವಾಗ ಕಡಿಮೆಯಿತ್ತು ಎಂಬುದು ತಿಳಿಯುತ್ತದೆ. ನೆಫ್ ಮತ್ತು ಸಂಗಡಿಗರು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದಂತೆ, 9,000ದಿಂದ 6,000 ವರ್ಷಗಳ ಹಿಂದೆ ಇಲ್ಲಿನ ಮುಂಗಾರು ಸೂರ್ಯನ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು.

ಹಾಗಾದರೆ ಈಗಲೂ ಸೂರ್ಯನೇ ಏಕಾಗಿರಬಾರದು? ನ್ಯಾಯವಾದ ಪ್ರಶ್ನೆಯೇ. ಆದರೆ ಈಗಿನ ಸೂರ್ಯನನ್ನು ಕಲ್ಲಿನಲ್ಲಿ ಹುಡುಕಬೇಕಿಲ್ಲ, 1978ರಿಂದ ಉಪಗ್ರಹಗಳು ನೇರವಾಗಿ ಅಳೆಯುತ್ತಿವೆ. ಸುಮಾರು 11 ವರ್ಷಗಳ ಆವರ್ತದಲ್ಲಿ ಶೇಕಡಾ 0.1ರಷ್ಟು ಹೊಯ್ದಾಟವಿದೆ, ಏರಿಕೆಯಿಲ್ಲ. ಭೂಮಿ ಮಾತ್ರ ಕಾಯುತ್ತಲೇ ಹೋಗಿದೆ. ಅಲ್ಲದೆ, ಸೂರ್ಯನೇ ಕಾಯಿಸಿದ್ದರೆ ವಾತಾವರಣ ಬುಡದಿಂದ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಆಗಿರುವುದು ಬೇರೆ: ಕೆಳಗಿನ ಪದರ ಕಾದಿದೆ, ಮೇಲಿನ ಸ್ತರಗೋಳ ತಣಿದಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹೀಗೇ ಆಗುತ್ತದೆಂದು ಸ್ಯುಕುರೊ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಆ ಹೆಚ್ಚುವರಿ ಇಂಗಾಲ ತೈಲ, ಕಲ್ಲಿದ್ದಲುಗಳದೇ ಎಂದು ಹೇಳುವುದೂ ಐಸೊಟೋಪುಗಳೇ, ಈ ಬಾರಿ ಇಂಗಾಲದವು.

2021ರ ಒಂದು ಸಮೀಕ್ಷೆ 88,125 ಸಂಶೋಧನಾ ಪ್ರಬಂಧಗಳನ್ನು ಆಧಾರವಾಗಿಟ್ಟುಕೊಂಡು, ಮನುಷ್ಯನೇ ಕಾರಣ ಎಂಬುದಕ್ಕೆ ಶೇಕಡಾ 99ಕ್ಕೂ ಹೆಚ್ಚು ಸಹಮತವಿದೆ ಎಂದಿತು. ಈ ಅಂಕಿಯನ್ನು ಬಾವುಟದಂತೆ ಹಿಡಿದು ಓಡಾಡುವುದು ನನಗೇನೂ ರುಚಿಸದು. ವಿಜ್ಞಾನದಲ್ಲಿ ಮತದಾನ ನಡೆಯುವುದಿಲ್ಲ. ಅದಕ್ಕಿಂತ ನನಗೆ ಕುತೂಹಲ ತರುವ ಸಂಗತಿ ಇನ್ನೊಂದು: ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವರದಿಗಳ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಸಾಲುಸಾಲಾಗಿ ಓದಿ ಒಪ್ಪಬೇಕು. ಮನುಷ್ಯನ ಪಾತ್ರದಲ್ಲಿ ಸಂಶಯವಿಲ್ಲ ಎಂಬ 2021ರ ವಾಕ್ಯ, ತೈಲ ಮಾರಿ ಬದುಕುವ ದೇಶಗಳೂ ಕೂತ ಸಭೆಯನ್ನು ದಾಟಿ ಬಂದದ್ದು.

ವಿಜ್ಞಾನಿಗಳು ಜಗಳವಾಡುವುದಿಲ್ಲವೆಂದಲ್ಲ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಒಮಾನ್‌ಗೆ ಅಪ್ಪಳಿಸಿತು. ಅರಬ್ಬೀ ಸಮುದ್ರ ಅಷ್ಟು ಪ್ರಬಲವಾದುದನ್ನು ಅದುವರೆಗೆ ದಾಖಲಿಸಿರಲಿಲ್ಲ. ಇಂಥವು ಏಕೆ ಹೆಚ್ಚುತ್ತಿವೆ? ದಕ್ಷಿಣ ಏಷ್ಯಾದ ಮಸಿ, ಹೊಗೆಗಳು ಚಂಡಮಾರುತವನ್ನು ಚೆದುರಿಸುವ ಮೇಲಿನ ಮತ್ತು ಕೆಳಗಿನ ಗಾಳಿಗಳ ವ್ಯತ್ಯಾಸವನ್ನು ಕುಗ್ಗಿಸಿವೆ ಎಂದು 2011ರಲ್ಲಿ ಒಂದು ತಂಡ 'ನೇಚರ್'ನಲ್ಲಿ ಹೇಳಿತು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ಇನ್ನೊಂದು ತಂಡ ಅದನ್ನು ಪ್ರಶ್ನಿಸಿತು. 2017ರಲ್ಲಿ ಹಿರೊಯುಕಿ ಮುರಕಾಮಿ ಮತ್ತಿತರರು, ಮುಂಗಾರಿನ ನಂತರದ ತೀವ್ರ ಚಂಡಮಾರುತಗಳ ಸಂಭವವನ್ನು ಮನುಷ್ಯನ ಚಟುವಟಿಕೆ ಹೆಚ್ಚಿಸಿದೆ ಎಂದರು. ಉಪಗ್ರಹಗಳು ಬರುವ ಮುಂಚಿನ ಅರಬ್ಬೀ ಸಮುದ್ರದ ದಾಖಲೆ ತೀರಾ ತೆಳುವಾದ್ದರಿಂದ ಈ ವ್ಯಾಜ್ಯ ಇನ್ನೂ ಕೆಲಕಾಲ ನಡೆಯಲಿದೆ.