ಗಂಡಸಿಗೂ ವಯಸ್ಸಾಗುತ್ತದೆ

ಮಾನ್ವಿ ಕಡೆಯ ರೈತರೊಬ್ಬರು ಕಳೆದ ಬೇಸಿಗೆಯಲ್ಲಿ ಪತ್ನಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಅವರಿಗೆ 46, ಆಕೆಗೆ 31. ಮೊದಲ ಪತ್ನಿ ತೀರಿಕೊಂಡ ಮೇಲೆ ಆದ ನಿಕಾಹ್. ನಾಲ್ಕು ವರ್ಷವಾದರೂ ಮಗುವಿಲ್ಲ. ಮೇಜಿನ ಮೇಲಿಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಆಕೆಯ ಸ್ಕ್ಯಾನಿಂಗ್, ಥೈರಾಯ್ಡ್, ಗರ್ಭನಾಳದ ಎಕ್ಸ್‌ರೇ ಎಲ್ಲ ಇದ್ದವು. ಯಾವುದರಲ್ಲೂ ದೋಷವಿರಲಿಲ್ಲ.

"ನಿಮ್ಮ ರಿಪೋರ್ಟ್ ಎಲ್ಲಿ?" ಎಂದೆ.

"ನಂದೇನು ನೋಡ್ತೀರಿ ಡಾಕ್ಟರ್ ಸಾಬ್? ನನಗ ಆಗ್ಲೇ ಎರಡು ಮಕ್ಕಳದಾವ. ತಾಕತ್ತಿಗೂ ಏನೂ ಕಮ್ಮಿ ಇಲ್ಲ" ಎಂದರು. ಅವರ ಕಿರಿಯ ಮಗ ಹುಟ್ಟಿದಾಗ ಅವರಿಗೆ 28 ವರ್ಷ.

ಈ ಉತ್ತರವನ್ನು ನಾನು ದೇವದುರ್ಗದವರಿಂದಲೂ ಕೇಳಿದ್ದೇನೆ, ರಾಯಚೂರು ನಗರದ ಓದಿದವರಿಂದಲೂ ಕೇಳಿದ್ದೇನೆ. ಇದರಲ್ಲಿ ಎರಡು ತಪ್ಪುಗಳಿವೆ. ದಾಂಪತ್ಯದ ತಾಕತ್ತು ಬೇರೆ, ವೀರ್ಯಾಣುವಿನ ಗುಣ ಬೇರೆ. ತಾಕತ್ತು ಚೆನ್ನಾಗಿರುವವರ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರುವುದುಂಟು. ಇನ್ನು, 28ರಲ್ಲಿ ತಂದೆಯಾದದ್ದು 46ರ ದೇಹಕ್ಕೆ ಸಾಕ್ಷಿಯಾಗುವುದಿಲ್ಲ.

ಹೆಣ್ಣು ಹುಟ್ಟುವಾಗಲೇ ತನ್ನ ಅಂಡಾಣುಗಳನ್ನೆಲ್ಲ ಜೊತೆಗೆ ತಂದಿರುತ್ತಾಳೆ, ಅವು ಒಂದು ದಿನ ಮುಗಿಯುತ್ತವೆ. ಗಂಡಿನಲ್ಲಿ ಹಾಗಲ್ಲ. ಪ್ರಾಯಕ್ಕೆ ಬಂದಂದಿನಿಂದ ಮುಪ್ಪಿನವರೆಗೂ ವೃಷಣಗಳು ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಕೆಲಸ ನಿಲ್ಲದಿರುವುದರಿಂದಲೇ 'ಗಂಡಸಿಗೆ ವಯಸ್ಸಿಲ್ಲ' ಎಂಬ ಮಾತು ಹುಟ್ಟಿದೆ. ಆದರೆ ಹಳೆಯ ಕಿತಾಬನ್ನು ಕೈಬರಹದಲ್ಲಿ ನಕಲು ಮಾಡುತ್ತಿದ್ದವರನ್ನು ನೆನೆಯಿರಿ. ನಕಲಿನ ನಕಲು ಹೆಚ್ಚಾದಷ್ಟೂ ಅಕ್ಷರ ತಪ್ಪುತ್ತದೆ. ವೀರ್ಯಾಣುವಿನ ಮೂಲಕೋಶ 20ನೇ ವಯಸ್ಸಿಗೆ ಸುಮಾರು 150 ಸಲ ವಿಭಜನೆಯಾಗಿದ್ದರೆ, 40ಕ್ಕೆ ಅದು 600 ದಾಟಿರುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು. ಐಸ್‌ಲ್ಯಾಂಡ್ ದೇಶದ ಕುಟುಂಬಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂದೆಗೆ ಒಂದು ವರ್ಷ ಹೆಚ್ಚಿದಂತೆ ಮಗುವಿನ ವಂಶವಾಹಿಯಲ್ಲಿ ಸುಮಾರು ಎರಡು ಹೊಸ ಬದಲಾವಣೆಗಳು ಸೇರುವುದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ, ಹೆದರಬೇಕಿಲ್ಲ. ಆದರೆ 40 ದಾಟಿದ ಮೇಲೆ ವೀರ್ಯದ ಪ್ರಮಾಣ ಮತ್ತು ವೀರ್ಯಾಣುಗಳ ಚಲನೆ ಇಳಿಯುತ್ತವೆ, ಗರ್ಭ ನಿಲ್ಲಲು ಹೆಚ್ಚು ತಿಂಗಳು ಹಿಡಿಯುತ್ತದೆ, ಗರ್ಭಪಾತದ ಸಂಭವವೂ ಸ್ವಲ್ಪ ಏರುತ್ತದೆ. ಪದೇ ಪದೇ ಗರ್ಭ ಇಳಿದಾಗ ಸೊಸೆಯನ್ನು ದೂರುವ ಮನೆಗಳು ಇದನ್ನು ತಿಳಿದಿರಬೇಕು.

ನಮ್ಮ ಯುನಾನಿ ವೈದ್ಯರಿಗೆ ಇದು ಹೊಸ ವಿಷಯವಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಆಯುಷ್ಯವನ್ನು ನಾಲ್ಕು ಭಾಗ ಮಾಡಿ, ಯೌವನವನ್ನು 35 ಅಥವಾ 40ಕ್ಕೇ ಮುಗಿಸಿದ್ದಾರೆ. ಅಲ್ಲಿಂದ 60ರವರೆಗಿನದು ಕುಹೂಲತ್, ದೇಹದ ಸಹಜ ಉಷ್ಣ ಮತ್ತು ತೇವ ಮೆಲ್ಲಗೆ ಕುಂದುವ ಕಾಲ.

"ಪ್ರವಾದಿ ಇಬ್ರಾಹೀಮ್(ಅ), ಝಕರಿಯ್ಯಾ(ಅ)ರಿಗೆ ಮುಪ್ಪಿನಲ್ಲಿ ಮಕ್ಕಳಾಗಲಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಆಯಿತು. ಆದರೆ ಕುರ್‌ಆನ್ ಅದನ್ನು ಹೇಳಿರುವುದು ಅಲ್ಲಾಹನ ವಿಶೇಷ ಅನುಗ್ರಹವೆಂದು. ಆ ಶುಭವಾರ್ತೆ ಕೇಳಿ ಸ್ವತಃ ಆ ಮನೆಗಳವರೇ ಅಚ್ಚರಿಪಟ್ಟಿದ್ದರು. ದುಆ ಮಾಡಿ, ಪರೀಕ್ಷೆಯನ್ನೂ ಮಾಡಿಸಿ.

ವಯಸ್ಸೊಂದೇ ಅಪರಾಧಿಯಲ್ಲ. ವೃಷಣಗಳಿಗೆ ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು, ಅದಕ್ಕೇ ಅವು ಹೊರಗಿವೆ. ಬೇಕರಿ ಒಲೆಯ ಮುಂದೆ ನಿಲ್ಲುವವರು, ಇಡೀ ದಿನ ಲಾರಿ ಓಡಿಸುವವರು ಬಿಗಿಯಾದ ಉಡುಪು ಬಿಟ್ಟು ನಡುನಡುವೆ ಎದ್ದು ಓಡಾಡಲಿ. ಹತ್ತಿ, ಭತ್ತಕ್ಕೆ ಔಷಧ ಹೊಡೆಯುವವರು ಮೈಮುಚ್ಚಿಕೊಳ್ಳಲಿ, ಮನೆಗೆ ಬಂದೊಡನೆ ಸ್ನಾನ ಮಾಡಲಿ. ಗುಟ್ಖಾ, ಬೀಡಿ ವೀರ್ಯಾಣುವಿಗೆ ನೇರ ಹಾನಿ. ಸಕ್ಕರೆ ಕಾಯಿಲೆಯೂ ಹಾಗೆಯೇ, ಅದು ಮಾನ್ವಿಯ ಆ ರೈತರಿಗೂ ಇತ್ತು. ಅವರಿಗದು ಗೊತ್ತೇ ಇರಲಿಲ್ಲ.

ಪರೀಕ್ಷೆ ಸುಲಭ. ಸೀಮೆನ್ ಅನಾಲಿಸಿಸ್ ಎಂದರೆ ಲ್ಯಾಬಿನವರಿಗೆ ತಿಳಿಯುತ್ತದೆ. ಅದಕ್ಕೆ ಮೊದಲು ಎರಡರಿಂದ ಏಳು ದಿನ ಸಂಯಮವಿರಲಿ. ಮಾದರಿ ಒಂದು ಗಂಟೆಯೊಳಗೆ ಲ್ಯಾಬಿನ ಮೇಜಿಗೆ ಬರಬೇಕು. ದೇವದುರ್ಗದಿಂದ ಡಬ್ಬಿಯನ್ನು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದರೆ ದಾರಿಯಲ್ಲೇ ವೀರ್ಯಾಣುಗಳು ಸಾಯುತ್ತವೆ, ರಿಪೋರ್ಟ್ ಸುಳ್ಳು ಹೇಳುತ್ತದೆ. ರಾಯಚೂರಿಗೇ ಬಂದು ಕೊಡಿ. ರಿಮ್ಸ್‌ನಲ್ಲೋ ನಗರದ ದೊಡ್ಡ ಲ್ಯಾಬಿನಲ್ಲೋ ಮೊದಲೇ ವಿಚಾರಿಸಿ. ಎಣ್ಣೆ, ಸಾಬೂನು, ಸಾಮಾನ್ಯ ಕಾಂಡೋಮ್ ಬಳಸಬಾರದು. ಮಾದರಿ ಕೊಡುವ ರೀತಿಯ ಬಗ್ಗೆ ಧಾರ್ಮಿಕ ಸಂಕೋಚವಿದ್ದರೆ ಪತ್ನಿಯ ನೆರವು ಪಡೆಯಬಹುದೇ ಎಂದು ನಿಮ್ಮ ಆಲಿಮರನ್ನು ಕೇಳಿಕೊಳ್ಳಿ, ಇದರಲ್ಲಿ ನಾಚಿಕೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕನಿಷ್ಠ ಮಟ್ಟವೆಂದರೆ ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣುಗಳು ಮತ್ತು ಶೇ. 42ರಷ್ಟು ಚಲನೆ. ಒಂದು ಸಲ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಸೊನ್ನೆ ಬಂದರೆ ನಾನು ಮಾಜೂನ್ ಬರೆದುಕೊಡುವುದಿಲ್ಲ, ಯೂರಾಲಜಿಸ್ಟ್ ಬಳಿ ಕಳಿಸುತ್ತೇನೆ.

ಚಲನೆ ಕಡಿಮೆಯಿರುವವರಿಗೆ ಅಸ್ಗಂಧ್, ಸಾಲಬ್ ಮಿಸ್ರಿ, ಸಫೇದ್ ಮೂಸ್ಲಿ ಕೊಡುವುದುಂಟು. ಅದಕ್ಕೂ ಮೂರು ತಿಂಗಳ ತಾಳ್ಮೆ ಬೇಕು. ಬಸ್ ನಿಲ್ದಾಣದ ಬಳಿ ಮಾರುವ 'ಮರ್ದಾನಾ ತಾಕತ್'ನ ಪುಡಿಯನ್ನು ಮುಟ್ಟಬೇಡಿ. ಹೆಸರಿಲ್ಲದ ಕುಶ್ತಾಗಳಲ್ಲಿ ಸೀಸ, ಪಾದರಸ ಇರಬಹುದು. ಜಿಮ್ಮಿನವರು ಹೇಳುವ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಅಂತೂ ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸುತ್ತದೆ.

ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬೇಡಿ, ಇಲ್ಲದಿದ್ದರೆ ಒಂದು ವರ್ಷ. ಬರುವಾಗ ಇಬ್ಬರೂ ಬನ್ನಿ. ಆ ರೈತರು ಎರಡನೇ ಸಲ ಬಂದಾಗ ಚೀಲದಲ್ಲಿ ಅವರ ಹೆಸರಿನ ರಿಪೋರ್ಟೂ ಇತ್ತು, ಚಲನೆ ಶೇ. 18. ಪತ್ನಿ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದರು.