ತಲೆ ಮಂಕಾದರೆ ಹೊಟ್ಟೆಗೇಕೆ ಔಷಧ?

ನಮ್ಮ ಸೋದರಮಾವನಿಗೆ ಲಿವರ್ ಸಿರೋಸಿಸ್ ಇದೆ ಎಂದು ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. ಒಂದು ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಕಾಲು ಗಂಟೆ ಒದ್ದಾಡಿದರು. ಮಧ್ಯಾಹ್ನ ಹಾಲಿನ ಲೆಕ್ಕ ಬರೆಯಲು ಕೂತರೆ ಪುಸ್ತಕದ ತುಂಬ ಬರೀ ಗೀಚು. ರಾತ್ರಿಯೆಲ್ಲ ಎದ್ದು ಓಡಾಡಿದವರು ಹಗಲು ಊಟದ ತಟ್ಟೆಯ ಮುಂದೆಯೇ ತೂಕಡಿಸತೊಡಗಿದರು. "ಗಾಳಿ ಸೋಕಿರಬೇಕು, ತಾಯತ ಕಟ್ಟಿಸಿ" ಎಂದರು ಪಕ್ಕದ ಮನೆಯವರು. "ವಯಸ್ಸಾಯ್ತಲ್ಲ, ಅರಳುಮರಳು" ಎಂದರು ಇನ್ನೊಬ್ಬರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಆ ಸಿಹಿ ಸಿರಪ್ ಸರಿಯಾಗಿ ಕೊಡ್ತಿದ್ದೀರಾ ಅಮ್ಮಾ?"

"ಇಲ್ಲ ಡಾಕ್ಟ್ರೇ. ದಿನಾ ಮೂರು ಸಲ ಹೋಗ್ತಿದ್ರು. ಸುಸ್ತಾಗ್ತಾರೆ ಅಂತ ನಾವೇ ನಿಲ್ಲಿಸಿದ್ವಿ" ಎಂದರು ಅತ್ತೆ.

ಮೂರು ಸಲ ಹೋಗಲಿ ಎಂದೇ ಆ ಔಷಧ ಕೊಟ್ಟಿದ್ದು ಎಂಬುದು ನಮಗೆ ಅಂದು ತಿಳಿಯಿತು. ಅತ್ತೆಯದು ಅಕ್ಕರೆಯಿಂದ ಆದ ತಪ್ಪು. ಅದೇ ತಪ್ಪನ್ನು ಎಷ್ಟೋ ಮನೆಗಳು ಮಾಡುತ್ತಿವೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆ ಸಿರಪ್ಪಿನ ಹೆಸರು ಲ್ಯಾಕ್ಟುಲೋಸ್. ಡುಫಲಾಕ್, ಲೂಜ್ ಮುಂತಾದ ಹೆಸರುಗಳಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಪಾಕದಂತೆ ಮಂದ, ಬಾಯಿಗೆ ಅಂಟುವಷ್ಟು ಸಿಹಿ. ಮಲಬದ್ಧತೆಗೆ ಕೊಡುವ ಔಷಧವೆಂದು ಬಹಳ ಮಂದಿಗೆ ಗೊತ್ತು. ಅಷ್ಟೇ ಗೊತ್ತಿರುವುದರಿಂದಲೇ ತೊಂದರೆ.

"ಭೇದಿ ಔಷಧಕ್ಕೂ ಮಿದುಳಿಗೂ ಏನು ಸಂಬಂಧ?"

ಬೆಳಿಗ್ಗೆ ದನದ ಕೊಟ್ಟಿಗೆಗೆ ಕಾಲಿಟ್ಟರೆ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದು ಅಮೋನಿಯಾ. ನಮ್ಮ ಕರುಳಿನಲ್ಲೂ ಅದು ಹಗಲಿರುಳು ಹುಟ್ಟುತ್ತಿರುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನು, ಯೂರಿಯಾಗಳನ್ನು ಒಡೆದಾಗ ಒಂದಿಷ್ಟು, ಸಣ್ಣ ಕರುಳಿನ ಜೀವಕೋಶಗಳು ಗ್ಲುಟಮಿನ್ ಬಳಸಿಕೊಂಡಾಗ ಇನ್ನೊಂದಿಷ್ಟು. ಕರುಳಿನಿಂದ ಹೊರಟ ರಕ್ತ ಮೊದಲು ಲಿವರಿಗೇ ಹೋಗುತ್ತದೆ. ಅಲ್ಲಿ ಅಮೋನಿಯಾ ಯೂರಿಯಾ ಆಗಿ ಬದಲಾಗಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ಆರೋಗ್ಯವಂತರಿಗೆ ಇದರ ಸುಳಿವೂ ಸಿಗುವುದಿಲ್ಲ.

ಸಿರೋಸಿಸ್ ಆದ ಲಿವರ್ ಗಂಟುಗಂಟಾಗಿ ಗಡಸಾಗುತ್ತದೆ. ಅದಕ್ಕೆ ಕೆಲಸ ಮಾಡುವ ಶಕ್ತಿ ಕಡಿಮೆ. ಜೊತೆಗೆ ಒಳಗೆ ನುಗ್ಗಲಾಗದ ರಕ್ತ ಅಡ್ಡದಾರಿ ಹುಡುಕಿಕೊಂಡು ಲಿವರನ್ನು ಬಳಸಿ ಹೋಗುತ್ತದೆ. ಶುದ್ಧವಾಗದ ಅಮೋನಿಯಾ ನೇರ ಮಿದುಳಿಗೆ ಮುಟ್ಟುತ್ತದೆ. ಅಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು ಅದನ್ನು ಹೀರಿಕೊಂಡು ಊದಿಕೊಳ್ಳುತ್ತವೆ. ನಿದ್ದೆ ತಲೆಕೆಳಗಾಗುತ್ತದೆ, ಕೈಬರಹ ಕೆಡುತ್ತದೆ, ಮರೆವು, ಸಿಡುಕು, ಮಾತಿನಲ್ಲಿ ತೊದಲು ಬರುತ್ತವೆ. ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈಯನ್ನು ಮೇಲಕ್ಕೆ ಮಡಿಸಿ ಹಿಡಿಯಲು ಹೇಳಿದರೆ ಹಕ್ಕಿ ರೆಕ್ಕೆ ಬಡಿದಂತೆ ಕೈ ಪಟಪಟ ಬೀಳುತ್ತದೆ. ಕೊನೆಯ ಹಂತ ಪ್ರಜ್ಞೆ ತಪ್ಪುವುದು. ವೈದ್ಯರು ಇದನ್ನು ಹೆಪಾಟಿಕ್ ಎನ್ಸೆಫಲೋಪತಿ ಎನ್ನುತ್ತಾರೆ. ಗಾಳಿಯೂ ಅಲ್ಲ, ಅರಳುಮರಳೂ ಅಲ್ಲ.

ಈಗ ಸಿರಪ್ಪಿಗೆ ಬರೋಣ. ಲ್ಯಾಕ್ಟುಲೋಸ್ ಎಂದರೆ ಗ್ಯಾಲಕ್ಟೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳ ಜೋಡಿ. ಆ ಜೋಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅದು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅದನ್ನು ತಿಂದು ಅವು ಲ್ಯಾಕ್ಟಿಕ್, ಅಸಿಟಿಕ್ ಆಮ್ಲಗಳನ್ನು ಬಿಡುತ್ತವೆ. ಹೆಪ್ಪು ಹಾಕಿದ ಹಾಲು ಬೆಳಗಾಗುವುದರಲ್ಲಿ ಹುಳಿಯಾಗುತ್ತದಲ್ಲ, ಕರುಳಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಕರುಳು ಹುಳಿಯಾದಾಗ ಅಮೋನಿಯಾ ಅಮೋನಿಯಂ ಆಗಿ ಮಾರ್ಪಡುತ್ತದೆ. ಅಮೋನಿಯಾ ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗಬಲ್ಲದು, ಅಮೋನಿಯಂ ಸುಲಭವಾಗಿ ದಾಟಲಾರದು. ಅಲ್ಲೇ ಸಿಕ್ಕಿಬಿದ್ದು ಮಲದೊಂದಿಗೆ ಹೊರಬೀಳುತ್ತದೆ. ಜೊತೆಗೆ ಈ ಸಕ್ಕರೆ ನೀರನ್ನು ಎಳೆದುಕೊಂಡು ಮಲವನ್ನು ಮೆದುವಾಗಿಸುವುದರಿಂದ, ಅಮೋನಿಯಾ ಹುಟ್ಟಿಸುವ ಸರಕು ಕರುಳಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮಿದುಳಿಗೆ ಹೋಗುವ ವಿಷವನ್ನು ಅದು ಹುಟ್ಟುವ ಜಾಗದಲ್ಲೇ ತಡೆಯುವ ಔಷಧವಿದು.

ಇದು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. 1930ರಲ್ಲಿ ಮಾಂಟ್‌ಗೊಮೆರಿ ಮತ್ತು ಹಡ್ಸನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿಗಳು ಹಾಲಿನ ಸಕ್ಕರೆಗೆ ಸುಣ್ಣದ ತಿಳಿ ಬೆರೆಸಿ ಇದನ್ನು ತಯಾರಿಸಿದರು. ಹಾಲನ್ನು ಹೆಚ್ಚು ಶಾಖದಲ್ಲಿ ಕಾಯಿಸಿದಾಗಲೂ ಇದು ಅಲ್ಪಸ್ವಲ್ಪ ಹುಟ್ಟುತ್ತದೆ. 1950ರ ದಶಕದ ಕೊನೆಯಲ್ಲಿ ಮಲಬದ್ಧತೆಗೆ ಬಳಕೆ ಶುರುವಾಯಿತು. 1966ರಲ್ಲಿ ಸ್ವಿಟ್ಜರ್ಲೆಂಡಿನ ಬಿರ್ಷರ್ ಮತ್ತು ಸಂಗಡಿಗರು ಲಿವರ್ ರೋಗಿಗಳ ಮಂಕುತನಕ್ಕೆ ಇದು ನೆರವಾಗುತ್ತದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 2004ರಲ್ಲಿ ಬಂದ ಒಂದು ವಿಮರ್ಶೆ, ಹಳೆಯ ಅಧ್ಯಯನಗಳು ಗಟ್ಟಿಯಾಗಿಲ್ಲ, ಇದರ ಉಪಯೋಗ ಖಚಿತವಲ್ಲ ಎಂದಿತು. ಪ್ರಶ್ನೆ ಎದ್ದದ್ದು ಒಳ್ಳೆಯದೇ ಆಯಿತು. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು ಒಮ್ಮೆ ಮಂಕು ಕವಿದು ಚೇತರಿಸಿಕೊಂಡ 125 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾಕ್ಟುಲೋಸ್ ಕೊಟ್ಟು, ಇನ್ನೊಂದಕ್ಕೆ ಕೊಡದೆ ಗಮನಿಸಿದರು. ಕೊಟ್ಟವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಮಂಕು ಮರುಕಳಿಸಿದರೆ ಕೊಡದವರಲ್ಲಿ ಸುಮಾರು 47 ಮಂದಿಗೆ ಮರುಕಳಿಸಿತು. 2009ರಲ್ಲಿ ಪ್ರಕಟವಾದ ಆ ಫಲಿತಾಂಶ ನಮ್ಮದೇ ದೇಶದ ರೋಗಿಗಳದ್ದು. 2016ರಲ್ಲಿ ಕೊಕ್ರೇನ್ ಸಂಸ್ಥೆ 38 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಇಂಥ ಸಕ್ಕರೆಗಳಿಂದ ಪ್ರಯೋಜನವಿದೆ ಎಂದಿತು.

"ಭೇದಿ ಶುರುವಾಯಿತು, ಇನ್ನು ನಿಲ್ಲಿಸೋಣ"

ನಮ್ಮ ಮನೆಯಲ್ಲಿ ಆದದ್ದು ಇದೇ. ಮಲಬದ್ಧತೆಗೆ ಕುಡಿಯುವವರು ಹೊಟ್ಟೆ ಸಡಿಲವಾದಾಗ ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ಲಿವರ್ ರೋಗಿಯ ವಿಷಯದಲ್ಲಿ ಲೆಕ್ಕ ಬೇರೆ. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಹೋಗಬೇಕು ಎಂಬುದೇ ವೈದ್ಯರ ಗುರಿ. ಹಾಗೆ ಹೋಗುತ್ತಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ನಿಲ್ಲಿಸಿದರೆ ಎರಡು ಮೂರು ದಿನದಲ್ಲೇ ಮಂಕು ಮತ್ತೆ ಹತ್ತಬಹುದು. ಮಲಬದ್ಧತೆಗೆ ದೊಡ್ಡವರಿಗೆ ದಿನಕ್ಕೆ 15ರಿಂದ 30 ಮಿ.ಲೀ. ಸಾಕಾದರೆ, ಈ ಕಾಯಿಲೆಯಲ್ಲಿ ಒಂದು ಸಲಕ್ಕೇ 30ರಿಂದ 45 ಮಿ.ಲೀ., ದಿನಕ್ಕೆ ಮೂರು ನಾಲ್ಕು ಸಲ ಬೇಕಾಗುವುದುಂಟು. ಚೀಟಿಯಲ್ಲಿ ಇಷ್ಟು ಬರೆದದ್ದನ್ನು ಕಂಡು "ಡಾಕ್ಟ್ರು ತಪ್ಪಿ ಬರೆದಿರಬೇಕು" ಎಂದುಕೊಂಡು ಒಂದು ಚಮಚಕ್ಕೆ ಇಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕೇಳಿ ತಿಳಿದುಕೊಳ್ಳಿ.

ಹಾಗೆಂದು ಹೆಚ್ಚು ಹೋದಷ್ಟೂ ಒಳ್ಳೆಯದೇ? ಅಲ್ಲ, ಇದು ಅಷ್ಟೇ ಅಪಾಯದ ತಪ್ಪು. ನೀರಿನಂತೆ ಐದಾರು ಸಲ ಹೋದರೆ ದೇಹದ ನೀರು, ಪೊಟ್ಯಾಸಿಯಂ ಇಳಿದು, ಸೋಡಿಯಂ ಏರುಪೇರಾಗಿ, ಆ ಕಾರಣಕ್ಕೇ ಮಂಕು ಹೆಚ್ಚುತ್ತದೆ. ಆಗ ಪ್ರಮಾಣ ಇಳಿಸಬೇಕು, ವೈದ್ಯರಿಗೆ ಹೇಳಬೇಕು. ನಮ್ಮ ಅತ್ತೆ ಈಗ ಕ್ಯಾಲೆಂಡರಿನ ಚೌಕದಲ್ಲಿ ದಿನಕ್ಕೆ ಎಷ್ಟು ಸಲ ಎಂದು ಗೆರೆ ಎಳೆದಿಡುತ್ತಾರೆ. ಒಂದೇ ಗೆರೆ ಇದ್ದ ದಿನ ಫೋನು, ಐದು ಗೆರೆ ಇದ್ದ ದಿನವೂ ಫೋನು. ಯಾವ ಸ್ಕ್ಯಾನಿಗಿಂತಲೂ ಆ ಕ್ಯಾಲೆಂಡರು ನಮ್ಮ ಮನೆಗೆ ಹೆಚ್ಚು ಉಪಕಾರ ಮಾಡಿದೆ.

ಇನ್ನೊಂದು ಎಚ್ಚರಿಕೆ. ರೋಗಿ ಅರೆಪ್ರಜ್ಞೆಯಲ್ಲಿದ್ದರೆ ಬಾಯಿಗೆ ಸಿರಪ್ ಹಾಕಲೇಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದಲೋ, 300 ಮಿ.ಲೀ. ಲ್ಯಾಕ್ಟುಲೋಸಿಗೆ 700 ಮಿ.ಲೀ. ನೀರು ಬೆರೆಸಿ ಎನಿಮಾ ಮೂಲಕವೋ ಕೊಡುತ್ತಾರೆ.

"ರಿಫಾಕ್ಸಿಮಿನ್ ಮಾತ್ರೆ ಬಂದಿದೆ, ಸಿರಪ್ ಬೇಕಿಲ್ಲ"

ಮಾತ್ರೆ ನುಂಗುವುದು ಸುಲಭ, ಶೌಚಾಲಯಕ್ಕೆ ಓಡುವ ಮುಜುಗರವಿಲ್ಲ. ಆಸೆ ಸಹಜ. ಆದರೆ ಆ ಮಾತ್ರೆಗೆ ಹೆಸರು ತಂದುಕೊಟ್ಟ 2010ರ ಅಧ್ಯಯನದ 299 ರೋಗಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಲ್ಯಾಕ್ಟುಲೋಸನ್ನೂ ಕುಡಿಯುತ್ತಿದ್ದರು. ಮಾತ್ರೆ ಸಿರಪ್ಪಿಗೆ ಜೊತೆಗಾರನಾಗಿ ಬಂದದ್ದು.

"ಸಕ್ಕರೆ ಪಾಕ, ಶುಗರ್ ಇರುವವರಿಗೆ ಆಗದು"

ಲ್ಯಾಕ್ಟುಲೋಸ್ ರಕ್ತಕ್ಕೆ ಸೇರುವುದು ತೀರಾ ಅಲ್ಪ, ನೂರಕ್ಕೆ ಮೂರು ಪಾಲಿಗಿಂತ ಕಡಿಮೆ. ಆದರೆ ತಯಾರಿಕೆಯಲ್ಲಿ ಉಳಿದ ಬೇರೆ ಸಕ್ಕರೆಗಳು ಸಿರಪ್ಪಿನಲ್ಲಿರುತ್ತವೆ. 15 ಮಿ.ಲೀ.ನಲ್ಲಿ 10 ಗ್ರಾಂ ಲ್ಯಾಕ್ಟುಲೋಸ್ ಇದ್ದರೆ, ಜೊತೆಗೆ 1.6 ಗ್ರಾಂ ಮೀರದ ಗ್ಯಾಲಕ್ಟೋಸ್, 1.2 ಗ್ರಾಂ ಮೀರದ ಲ್ಯಾಕ್ಟೋಸ್ ಇರಬಹುದು. ಮಲಬದ್ಧತೆಯ ಪ್ರಮಾಣದಲ್ಲಿ ಇದು ಲೆಕ್ಕಕ್ಕೆ ಬಾರದು. ದಿನಕ್ಕೆ 100 ಮಿ.ಲೀ. ದಾಟಿದಾಗ ಶುಗರ್ ಪರೀಕ್ಷೆ ಬಿಡಬಾರದು. ಔಷಧವನ್ನೇ ಬಿಡಲು ಅದು ಕಾರಣವಲ್ಲ. ನಿಜವಾಗಿ ಕುಡಿಯಲೇಬಾರದವರು ಗ್ಯಾಲಕ್ಟೋಸೀಮಿಯಾ ಎಂಬ ಅಪರೂಪದ ಹುಟ್ಟುಕಾಯಿಲೆ ಇರುವವರು ಮತ್ತು ಕರುಳು ಅಡೆತಡೆಯಾಗಿ ಮುಚ್ಚಿಕೊಂಡವರು. ಸಿಹಿಗೆ ವಾಕರಿಕೆ ಬಂದರೆ ನೀರು, ಹಣ್ಣಿನ ರಸ ಅಥವಾ ಹಾಲಿನಲ್ಲಿ ಬೆರೆಸಿ ಕುಡಿಯಬಹುದು. ಬಾಟಲಿಯ ಬಣ್ಣ ಸ್ವಲ್ಪ ಕಂದಿದರೆ ಕೆಟ್ಟಿತೆಂದು ಚೆಲ್ಲಬೇಡಿ, ಸಕ್ಕರೆ ದ್ರಾವಣದ ಗುಣ ಅದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟು ಕಪ್ಪಾಗಿ ಕದಡಿದ್ದರೆ ಮಾತ್ರ ಬಿಸಾಡಿ.

"ಲಿವರ್ ಕೆಟ್ಟಿದೆ, ಬೇಳೆಕಾಳು ಬಿಡಿಸಿ, ಬರೀ ಗಂಜಿ ಕೊಡಿ"

ಅಮೋನಿಯಾ ಪ್ರೋಟೀನಿನಿಂದ ಬರುತ್ತದೆಂದರೆ ಪ್ರೋಟೀನನ್ನೇ ಬಿಟ್ಟರಾಯಿತಲ್ಲ ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಕಾಮಾಲೆಗೆ ಎಣ್ಣೆ, ಬೇಳೆ, ಮೊಸರು ಎಲ್ಲ ಬಿಡಿಸುವ ನಮ್ಮ ಹಳೆಯ ಪಥ್ಯವೂ ಅದಕ್ಕೆ ಜೊತೆಯಾಯಿತು. ಫಲವೆಂದರೆ ಹೊಟ್ಟೆ ಉಬ್ಬಿ, ತೋಳು ತೊಡೆ ಒಣಗಿ ಕಡ್ಡಿಯಾದ ರೋಗಿಗಳು. ಲಿವರ್ ಸೋತಾಗ ಅಮೋನಿಯಾವನ್ನು ತೆಗೆಯುವ ಕೆಲಸದ ಒಂದು ಪಾಲನ್ನು ಹೊರುವುದು ಮಾಂಸಖಂಡ. ಅದನ್ನೇ ಕರಗಿಸಿದರೆ ಮಂಕು ಹೆಚ್ಚುತ್ತದೆ. ಇಂದಿನ ಮಾರ್ಗಸೂಚಿಗಳು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತವೆ. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ, ಅಂದರೆ ಕಡಿಮೆಯೇನಲ್ಲ. ಕಾಳು, ಬೇಳೆ, ಹಾಲು, ಮೊಸರಿನ ಪ್ರೋಟೀನ್ ಇವರಿಗೆ ಹೆಚ್ಚು ಒಗ್ಗುತ್ತದೆ. ಹೆಸರುಕಾಳಿನ ಉಸಲಿ, ತೊವ್ವೆ, ಮೊಸರನ್ನ ಎಲ್ಲ ಸರಿ. ಕಾಲು, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕಡಿಮೆ ಮಾಡಬೇಕಾದದ್ದು ಉಪ್ಪು. ರಾತ್ರಿ ಮಲಗುವ ಮುಂಚೆ ಒಂದಿಷ್ಟು ತಿನ್ನಿಸಿ ಮಲಗಿಸಬೇಕು. ಉಪವಾಸ, ಏಕಾದಶಿ, ಒಪ್ಪೊತ್ತು ಇವರಿಗೆ ಸಲ್ಲದು.

"ಕುಡುಕರಿಗೆ ಬರುವ ಕಾಯಿಲೆ" ಎಂಬ ಮಾತಿಗೂ ಒಂದು ಸಾಲು. ಹೆಪಟೈಟಿಸ್ ಬಿ, ಸಿ, ಮಧುಮೇಹದ ಜೊತೆ ಬರುವ ಕೊಬ್ಬಿನ ಲಿವರ್ ಇವುಗಳಿಂದಲೂ ಸಿರೋಸಿಸ್ ಆಗುತ್ತದೆ. ಒಂದು ಹನಿಯೂ ಮುಟ್ಟದ ಹೆಂಗಸರು ಈ ಮಾತಿಗೆ ಹೆದರಿ ಕಾಯಿಲೆ ಮುಚ್ಚಿಡುವುದು ನನಗೆ ತೀರಾ ನೋವಿನ ಸಂಗತಿ.

"ಒಮ್ಮೆ ಕುಡಿದರೆ ಜೀವನಪೂರ್ತಿ ಕುಡಿಯಬೇಕು"

ಇದು ಬರೀ ಮಲಬದ್ಧತೆಗೆ ಬಳಸುವವರ ಭಯ. ಲ್ಯಾಕ್ಟುಲೋಸ್ ಕರುಳಿನ ನರಗಳನ್ನು ಕೆರಳಿಸಿ ಓಡಿಸುವುದಿಲ್ಲ, ನೀರನ್ನು ಎಳೆದು ಮಲವನ್ನು ಮೆತ್ತಗೆ ಮಾಡುತ್ತದೆ, ಅಷ್ಟೇ. ಕರುಳು ಅದಕ್ಕೆ ದಾಸನಾಗುವುದಿಲ್ಲ. ಹರಳೆಣ್ಣೆಯಂತೆ ಕೆಲವೇ ಗಂಟೆಯಲ್ಲಿ ಭೇದಿಯಾಗುವುದೂ ಇಲ್ಲ. ಒಂದರಿಂದ ಎರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ತಾಳ್ಮೆ ಕೆಟ್ಟು ದುಪ್ಪಟ್ಟು ಕುಡಿಯುವುದು ಬೇಡ. ಮೊದಲ ಕೆಲವು ದಿನ ಗ್ಯಾಸು, ಹೊಟ್ಟೆಯುಬ್ಬರ ಇರುತ್ತದೆ, ಬಹುತೇಕ ಮಂದಿಗೆ ತಗ್ಗುತ್ತದೆ. ಹಳೆಯ ಮಲಬದ್ಧತೆಗೆ ಇದೇ ಶ್ರೇಷ್ಠವೆಂದೂ ಅಲ್ಲ: ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಇದಕ್ಕಿಂತ ಮೇಲು ಎಂದು 2010ರ ಕೊಕ್ರೇನ್ ವಿಮರ್ಶೆ ಹೇಳಿದೆ. ಇನ್ನು ದಿನವೂ ಹೋಗಲೇಬೇಕೆಂಬುದು ಬರೀ ನಂಬಿಕೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಕಷ್ಟವಿಲ್ಲದೆ ಆದರೆ, ಸಹಜವೇ.

ನಿಮ್ಮ ಮನೆಯಲ್ಲಿ ಸಿರೋಸಿಸ್ ಇರುವವರು ರಾತ್ರಿ ನಿದ್ದೆ ಬಾರದೆ ಹಗಲು ತೂಕಡಿಸುತ್ತಿದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಸಹಿ ಕೆಟ್ಟಿದ್ದರೆ, ಅಂಗಡಿಯಿಂದ ನಿದ್ದೆ ಮಾತ್ರೆ ತರಬೇಡಿ. ಆ ಮಾತ್ರೆಯೇ ಅವರನ್ನು ಕೋಮಾಕ್ಕೆ ತಳ್ಳಬಹುದು. ಬೈಕಿನ ಕೀಲಿ ತೆಗೆದಿಡಿ. ನಿನ್ನೆ ಎಷ್ಟು ಸಲ ಹೋಗಿದ್ದರು, ಮಲ ಕಪ್ಪಾಗಿತ್ತೇ, ಜ್ವರವಿತ್ತೇ, ಸಿರಪ್ ತಪ್ಪಿತೇ ಎಂದು ಕೇಳಿಕೊಂಡು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.