ಹೆಸರೋ, ಅಂಕಿಯೋ?

ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿಯೂ ಮುಂದುವರಿದ ಮಹಾ ಬರವನ್ನು ನಮ್ಮ ಹಿರಿಯರು "ಧಾತು ಈಶ್ವರದ ಬರ" ಎಂದೇ ನೆನೆಯುತ್ತಿದ್ದರು. ಇತಿಹಾಸದ ಪುಸ್ತಕದಲ್ಲಿ ಅದು 1876-78ರ ಬರ. ನೆನಪಿಗೆ ಹೆಸರು ಬೇಕು, ನಿಜ. ಆದರೆ ಅರುವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮರಳಿ ಬರುವುದರಿಂದ ಹೆಸರೊಂದೇ ಸಾಲದು. ನಮ್ಮ ಶಾಸನಗಳಲ್ಲಿ ಶಕವರ್ಷದ ಅಂಕಿಯೂ ಸಂವತ್ಸರದ ಹೆಸರೂ ಜೊತೆಜೊತೆಯಾಗಿ ಕಾಣುವುದುಂಟು. ಈ ಹಳೆಯ ಪ್ರಶ್ನೆಯೇ ಇಂದು ವೀಡಿಯೋ ಆಟಗಳಲ್ಲಿ ಹೊಸ ವೇಷ ತೊಟ್ಟು ಬಂದಿದೆ.

ಹಿಂದೆ ವೀಡಿಯೋ ಆಟವೆಂದರೆ ಅಚ್ಚಾದ ಪುಸ್ತಕವಿದ್ದಂತೆ. ಅಂಗಡಿಗೆ ಬಂದ ಮೇಲೆ ಅದು ಬದಲಾಗುವುದು ವಿರಳ. ಈಗಿನ ಅನೇಕ ಆಟಗಳು ಹಾಗಲ್ಲ. ಅವು ಅಂತರ್ಜಾಲದ ಮೂಲಕ ವರ್ಷಾನುಗಟ್ಟಲೆ ನಡೆಯುತ್ತಲೇ ಇರುತ್ತವೆ. ಕೆಲವು ವಾರಕ್ಕೋ ತಿಂಗಳಿಗೋ ಒಮ್ಮೆ ಹೊಸ ಪ್ರದೇಶ, ಹೊಸ ಪಾತ್ರ, ಹೊಸ ನಿಯಮ ಬಂದು ಸೇರುತ್ತವೆ. ಈ ಸೇರ್ಪಡೆಯನ್ನು ಅಪ್‌ಡೇಟ್ ಎನ್ನುತ್ತಾರೆ. ಅವು ಹತ್ತಾರು ಆದಾಗ ಒಂದೊಂದನ್ನೂ ಗುರುತಿಸುವುದು ಹೇಗೆ?

ಅಂಕಿ ಹಾಕುವುದು ಸುಲಭದ ದಾರಿ. ಚುಕ್ಕೆಯ ಎಡಗಡೆಯ ಅಂಕಿ ಏರಿದರೆ ದೊಡ್ಡ ಮಾರ್ಪಾಡು, ಬಲಗಡೆಯದು ಏರಿದರೆ ಅದಕ್ಕಿಂತ ಚಿಕ್ಕದು ಎಂಬುದು ಸಾಮಾನ್ಯ ಕ್ರಮ. ಇದು ದಶಮಾಂಶವಲ್ಲ. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ 2016ರ ಫೆಬ್ರವರಿಯಲ್ಲಿ ಬಂದದ್ದು 1.9, ಆ ಜೂನ್ ತಿಂಗಳಿನಲ್ಲಿ ಬಂದದ್ದು 1.10. ಗಣಿತದ ಉಪಾಧ್ಯಾಯರು ಎರಡನೆಯದೇ ಚಿಕ್ಕದೆಂದಾರು. ಆಟಗಾರರು ಅದನ್ನು ಒಂದು, ಚುಕ್ಕೆ, ಹತ್ತು ಎಂದು ಓದುತ್ತಾರೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಂಕಿ ತಪ್ಪದೆ ಹೇಳುತ್ತದೆ. ಆದರೆ ಅದರಿಂದ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ಅದೇ ಆಟದ 1.13 ಎಂದರೆ ಹೊರಗಿನವನಿಗೆ ಏನು ತಿಳಿದೀತು? 2018ರಲ್ಲಿ ಬಂದ ಅದಕ್ಕೆ "ಅಪ್‌ಡೇಟ್ ಅಕ್ವಾಟಿಕ್", ಎಂದರೆ ಜಲದ ಅಪ್‌ಡೇಟ್, ಎಂಬ ಹೆಸರೂ ಇತ್ತು. ಹೆಸರು ಹೇಳಿದೊಡನೆ ಡಾಲ್ಫಿನ್, ಹವಳದ ದಿಬ್ಬ, ಮುಳುಗಿದ ಹಡಗು ಕಣ್ಣಿಗೆ ಕಟ್ಟುತ್ತವೆ.

ಹೆಸರಿಗೂ ಒಂದು ತೊಡಕು ಉಂಟು, ಅದು ವಾಗ್ದಾನವಾಗಿಬಿಡುತ್ತದೆ. "ಕೇವ್ಸ್ ಅಂಡ್ ಕ್ಲಿಫ್ಸ್", ಎಂದರೆ ಗುಹೆಗಳು ಮತ್ತು ಕಡಿದಾದ ಬೆಟ್ಟಗಳು, ಎಂಬ ಅಪ್‌ಡೇಟನ್ನು ಮೈನ್‌ಕ್ರಾಫ್ಟಿನವರು 2020ರಲ್ಲಿ ಘೋಷಿಸಿದರು. ಕೆಲಸ ದೊಡ್ಡದಾದುದರಿಂದ ಅದನ್ನು ಎರಡು ಭಾಗ ಮಾಡಬೇಕಾಯಿತು. 2021ರ ಜೂನ್‌ನಲ್ಲಿ ಮೊದಲ ಭಾಗ 1.17 ಎಂದು ಬಂದಿತು. ಹೊಸ ಬಗೆಯ ಗುಹೆ ಬೆಟ್ಟಗಳ ರಚನೆಯಾದರೋ ನವೆಂಬರಿನ 1.18ಕ್ಕೆ ಉಳಿಯಿತು. ಬರಿಯ ಅಂಕಿಯಾಗಿದ್ದರೆ ಯಾರೂ ಅದರಲ್ಲಿ ಗುಹೆಯನ್ನು ಹುಡುಕುತ್ತಿರಲಿಲ್ಲ.

ಅಂಕಿಯೂ ತನ್ನ ಗುಣವನ್ನು ಕಳೆದುಕೊಳ್ಳಬಹುದು. 2017ರಲ್ಲಿ ಆರಂಭವಾದ ಫೋರ್ಟ್‌ನೈಟ್ ಬ್ಯಾಟಲ್ ರಾಯಲ್ ಆಟದವರು ತಮ್ಮ ಅಪ್‌ಡೇಟುಗಳ ಅವಧಿಯನ್ನು ಸೀಸನ್ ಎಂದು ಕರೆದು ಎಣಿಸುತ್ತ ಬಂದರು. ಹತ್ತನೆಯದರ ಕೊನೆಗೆ, 2019ರ ಅಕ್ಟೋಬರಿನಲ್ಲಿ, ಆಟದ ದ್ವೀಪವನ್ನೇ ಕಪ್ಪು ಕುಳಿಯೊಂದು ನುಂಗಿತು. ಸುಮಾರು ಎರಡು ದಿನ ಆಟಗಾರರಿಗೆ ಆ ಕುಳಿಯಲ್ಲದೆ ಬೇರೇನೂ ಕಾಣಲಿಲ್ಲ. ಬಳಿಕ ಎರಡನೆಯ ಅಧ್ಯಾಯ ತೆರೆಯಿತು, ಎಣಿಕೆ ಮತ್ತೆ ಒಂದರಿಂದ ಮೊದಲಾಯಿತು. ಅಂದಿನಿಂದ ಮೂರನೆಯ ಸೀಸನ್ ಎಂದಷ್ಟೇ ಹೇಳಿದರೆ, ಯಾವ ಅಧ್ಯಾಯದ್ದು ಎಂದು ಕೇಳಬೇಕು. ಮರಳಿ ಬರುವ ಸಂವತ್ಸರದ ತೊಡಕೇ ಇಲ್ಲಿ ಅಂಕಿಗೂ ಅಂಟಿಕೊಂಡಿತು.

ಇದೆಲ್ಲ ಮಕ್ಕಳಾಟದ ಮಾತೆಂದು ತಳ್ಳಿಹಾಕುವಂತಿಲ್ಲ. ಹಳೆಯ ಪುಸ್ತಕದ ಪ್ರತಿ ಕಪಾಟಿನಲ್ಲಿ ಉಳಿಯುತ್ತದೆ. ನಡೆಯುತ್ತಲೇ ಇರುವ ಆಟದಲ್ಲಿಯಾದರೆ ಹೊಸದು ಬಂದಾಗ ಹಳೆಯದು ಎಷ್ಟೋ ಸಲ ಅಳಿದೇ ಹೋಗುತ್ತದೆ. 2004ರಲ್ಲಿ ಹೊರಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ, 2010ರ "ಕ್ಯಾಟಕ್ಲಿಸಂ", ಎಂದರೆ ಮಹೋತ್ಪಾತ, ಎಂಬ ವಿಸ್ತರಣೆ ಹಳೆಯ ನಾಡುಗಳ ರೂಪವನ್ನೇ ಬದಲಿಸಿತು. ಗೆಳೆಯರೊಡನೆ ಅಲೆದಾಡಿದ ದಾರಿಗಳು ಹಲವರ ಪಾಲಿಗೆ ಇಲ್ಲವಾದವು. ಹಳೆಯ ಆಟವನ್ನು ಅವರು ಅಕ್ಕರೆಯಿಂದ "ವೆನಿಲ್ಲಾ" ಎಂದು ಕರೆದು, ಅದು ಬೇಕೆಂದು ಕೇಳಿದರು. ಆದರೆ ಹಳೆಯದೆಂದರೆ ಎಂದಿನದು? ಮೊದಲ ಎರಡು ವರ್ಷಗಳಲ್ಲಿಯೇ ಅದು ಹಲವು ಸಲ ಬದಲಾಗಿತ್ತು. 2019ರ ಆಗಸ್ಟಿನಲ್ಲಿ ತಯಾರಕರಾದ ಬ್ಲಿಝರ್ಡ್ ಸಂಸ್ಥೆಯವರು ಅದನ್ನು "ಕ್ಲಾಸಿಕ್" ಎಂದು ಮತ್ತೆ ತೆರೆದಾಗ, 2006ರ 1.12ನ್ನು ಆಧಾರವಾಗಿ ಇಟ್ಟುಕೊಂಡರು. ಹಂಬಲಕ್ಕೆ ಹೆಸರು ಸಾಕಾಗಿತ್ತು. ಕಳೆದುದನ್ನು ಮರಳಿ ಕಟ್ಟುವಾಗ ಅಂಕಿ ಬೇಕಾಯಿತು.

ಎರಡನ್ನೂ ಒಟ್ಟಿಗೆ ಕೊಡುವವರೂ ಇದ್ದಾರೆ. ಜಪಾನಿನ ಫೈನಲ್ ಫ್ಯಾಂಟಸಿ 14 ಎಂಬ ಆಟದಲ್ಲಿ 2019ರ "ಶ್ಯಾಡೋಬ್ರಿಂಗರ್ಸ್" 5.0 ಆಗಿದ್ದರೆ, 2021ರ "ಎಂಡ್‌ವಾಕರ್" 6.0. ವರ್ಷವೆರಡು ಕಳೆದು ಮರಳಿದ ಆಟಗಾರನಿಗೆ ಅಂಕಿ ತಾನು ಎಲ್ಲಿ ನಿಲ್ಲಿಸಿದೆನೆಂಬುದನ್ನು ತಿಳಿಸುತ್ತದೆ; ಅಲ್ಲಿ ಏನು ನಡೆಯಿತೆಂಬುದನ್ನು ಹೆಸರು ನೆನಪಿಗೆ ತರುತ್ತದೆ.

ಶಕವರ್ಷವನ್ನೂ ಸಂವತ್ಸರವನ್ನೂ ಒಂದೇ ಸಾಲಿನಲ್ಲಿ ಬರೆಸಿದವರು ಮಾಡಿದ್ದೂ ಇದನ್ನೇ. ಮನೆಯ ಹುಡುಗನೊಬ್ಬ ತನ್ನ ಆಟದ ಹೊಸ ಅಪ್‌ಡೇಟಿನ ಸುದ್ದಿ ಹೇಳಿದಾಗ ಹಿರಿಯರು ಎರಡೂ ಮಾತು ಕೇಳಬಹುದು: ಅದು ಎಷ್ಟನೆಯದು, ಅದರ ಹೆಸರೇನು?